ಲಾಸ್ ವೇಗಾಸ್‌ನಲ್ಲಿ ಮೂರು ದಿನ: ಹೋಗುವುದೋ, ಬಿಡುವುದೋ?

ನಿವೃತ್ತ ಬ್ಯಾಂಕ್ ನೌಕರ, ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ಬರುವ ಜೂನ್ ತಿಂಗಳಲ್ಲಿ ನಾನು ಮತ್ತು ನನ್ನ ಶ್ರೀಮತಿ ಲಾಸ್ ಏಂಜಲೀಸ್ ಬಳಿ ಇರುವ ಮಗನ ಮನೆಗೆ ಹೋಗುವವರಿದ್ದೇವೆ. ಜುಲೈ 4ರ ರಜೆಗೆ ಹೊಂದಿಸಿ ನಮ್ಮನ್ನು ಮೂರು ದಿನ ಲಾಸ್ ವೇಗಾಸ್‌ಗೆ ಕರೆದೊಯ್ಯಬೇಕೆಂದು ಮಗ, ಸೊಸೆ ಇಬ್ಬರೂ ಹಟ ಹಿಡಿದಿದ್ದಾರೆ. ಶ್ರೀಮತಿಯವರ ವಾದವೇ ಬೇರೆ. ದೀಪಾವಳಿಯ ರಾತ್ರಿ ನಮ್ಮ ಓಣಿಯ ಕಟ್ಟೆಯ ಮೇಲೆ ಅಂದರ್ ಬಾಹರ್ ಆಡಿದವರನ್ನು ಪೊಲೀಸರು ಜೀಪು ಹತ್ತಿಸಿಕೊಂಡು ಹೋಗುತ್ತಾರೆ, ಅದೇ ಆಟವನ್ನು ಲೈಟು ಹಾಕಿ ಆಡಿಸುವ ಊರನ್ನು ನೋಡಲು ಸಮುದ್ರ ದಾಟಿ ಹೋಗಬೇಕೇ ಎಂದು ಅವರು ಕೇಳುತ್ತಾರೆ. ಅವರಿಗೆ ಗ್ರ್ಯಾಂಡ್ ಕ್ಯಾನಿಯನ್ ಎಂಬ ದೊಡ್ಡ ಕಣಿವೆ ನೋಡುವ ಆಸೆ. ನನಗಾದರೋ ಆ ಊರಿನ ಬಗ್ಗೆ ಒಳಗೊಳಗೇ ಕುತೂಹಲವಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ, ಮನೆಯಲ್ಲಿ ಇನ್ನೂ ಒಪ್ಪಿಕೊಂಡಿಲ್ಲ. ಆಡುವ ಉದ್ದೇಶ ಇಬ್ಬರಿಗೂ ಇಲ್ಲ. ಮೂವತ್ತನಾಲ್ಕು ವರ್ಷ ಬೇರೆಯವರ ಹಣ ಎಣಿಸಿದವನಿಗೆ ತನ್ನ ಹಣ ಕಳೆಯುವ ಧೈರ್ಯ ಬರುವುದು ಕಷ್ಟ. ನನಗೆ 64, ಅವರಿಗೆ 60 ವರ್ಷ, ಅವರಿಗೆ ಮಂಡಿ ನೋವಿದೆ. ಬಿಸಿಲಿನ ಚಿಂತೆ ನಮಗಿಲ್ಲ, ಏಕೆಂದರೆ ಬಳ್ಳಾರಿಯಲ್ಲಿ ಇರುವುದು ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲ. ಜೂಜಾಡದವರಿಗೆ ಆ ಊರಿನಲ್ಲಿ ಮೂರು ದಿನ ಕಳೆಯುವಷ್ಟು ಏನಾದರೂ ಇದೆಯೇ? ನೋಡಿ ಬಂದವರೂ ನೋಡಲೊಲ್ಲದವರೂ ದಯವಿಟ್ಟು ತಿಳಿಸಿ.

ಗಣಿ ಯಂತ್ರಗಳ ಇಂಜಿನಿಯರ್, ತೋರಣಗಲ್ಲು:

ಖಂಡಿತ ಹೋಗಿ ಬನ್ನಿ ಸರ್. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ನಡೆದ ಮೈನ್‌ಎಕ್ಸ್‌ಪೋಗೆ ನಾನು ಹೋಗಿದ್ದೆ. ಅದು ನಾಲ್ಕು ವರ್ಷಕ್ಕೊಮ್ಮೆ ಸೇರುವ ಗಣಿ ಯಂತ್ರಗಳ ಜಾತ್ರೆ. ನಾವು ಸಂಡೂರಿನ ಗುಡ್ಡಗಳಲ್ಲಿ ನೋಡುವ ಡಂಪರ್‌ಗಳು ಆಟಿಕೆಯಂತೆ ತೋರುವಷ್ಟು ದೊಡ್ಡ ಡಂಪರ್‌ಗಳನ್ನು ಛಾವಣಿಯ ಕೆಳಗೆ ತಂದು ನಿಲ್ಲಿಸಿದ್ದರು. ಒಂದರ ಟೈರಿನ ಪಕ್ಕದಲ್ಲಿ ನಿಂತಾಗ ನನ್ನ ತಲೆ ಅದರ ಅರ್ಧಕ್ಕೂ ಬರಲಿಲ್ಲ. ಅಲ್ಲಿಗೆ ಬಂದಿದ್ದ ಸಾವಿರಾರು ಜನರಲ್ಲಿ ಹೆಚ್ಚಿನವರು ಬಂದದ್ದು ಕೆಲಸಕ್ಕೆ, ಇಸ್ಪೀಟು ಮುಟ್ಟುವುದಕ್ಕಲ್ಲ. ಅದು ಜೂಜಿನ ಊರು ಎಂಬುದು ಅರ್ಧ ಸತ್ಯ ಮಾತ್ರ. ಸ್ಟ್ರಿಪ್ ಎಂದು ಕರೆಯುವ ಮುಖ್ಯ ಬೀದಿಯ ದೊಡ್ಡ ಹೋಟೆಲುಗಳ ಆದಾಯದಲ್ಲಿ ಈಗ ಜೂಜಿನ ಪಾಲು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಕೋಣೆಯ ಬಾಡಿಗೆ, ಊಟ, ಪ್ರದರ್ಶನಗಳಿಂದ ಬರುತ್ತದೆ. ಅದೇ ವರ್ಷ ಆ ಊರಿಗೆ ಭೇಟಿ ಕೊಟ್ಟವರು ಸುಮಾರು 4 ಕೋಟಿ 17 ಲಕ್ಷ. ಅಷ್ಟೂ ಜನ ಜೂಜುಕೋರರೇ ಆಗಿರಲಾರರು.

ಸಂಜೆ ಹೊತ್ತು ಸುಮಾರು ಏಳು ಕಿಲೋಮೀಟರ್ ಉದ್ದದ ಆ ಬೀದಿಯಲ್ಲಿ ಒಂದು ಡಾಲರನ್ನೂ ಖರ್ಚು ಮಾಡದೆ ನಾಲ್ಕು ದಿನ ಓಡಾಡಿದ್ದೇನೆ. ಬೆಲಾಜಿಯೊ ಹೋಟೆಲಿನ ಮುಂದಿನ ಕೊಳದಲ್ಲಿ 1998ರಿಂದ ಕಾರಂಜಿ ಕುಣಿಯುತ್ತಿದೆ, ಅದರ ನೀರು 140 ಮೀಟರ್‌ವರೆಗೂ ಚಿಮ್ಮುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ತೆರೆದ ಸ್ಫಿಯರ್ ಎಂಬ 112 ಮೀಟರ್ ಎತ್ತರದ ಗುಂಡು ಕಟ್ಟಡದ ಹೊರಮೈ ಪೂರ್ತಿ ಬೆಳಕಿನ ಪರದೆ. ಒಳಗೆ ಹೋಗಲು ಟಿಕೆಟ್ ದುಬಾರಿ, ಹೊರಗೆ ನಿಂತು ನೋಡುವುದಕ್ಕೆ ಕಾಸಿಲ್ಲ. ನಾನು ಹೋದಾಗ 1957ರ ಟ್ರಾಪಿಕಾನಾ ಹೋಟೆಲು ಬಾಗಿಲು ಹಾಕಿ ಕತ್ತಲಲ್ಲಿ ನಿಂತಿತ್ತು. ನಾನು ಊರಿಗೆ ಮರಳಿದ ಮೇಲೆ, ಅಕ್ಟೋಬರ್ 9ರ ನಸುಕಿನಲ್ಲಿ, ಪಟಾಕಿ ಸಿಡಿಸಿ ಡ್ರೋನ್ ಹಾರಿಸಿ ಅದನ್ನು ಕೆಡವಿದರು. ಕಟ್ಟಡ ಕೆಡವುವುದನ್ನೂ ತೇರು ಎಳೆದಂತೆ ಸಂಭ್ರಮಿಸುವ ಊರನ್ನು ಜೀವನದಲ್ಲಿ ಒಮ್ಮೆ ನೋಡಬೇಕು.

ಹಿಂದೆ ಅದಿರು ಲಾರಿ ಇಟ್ಟಿದ್ದವನು, ಸಂಡೂರು:

ಇಂಜಿನಿಯರ್ ಸಾಹೇಬರಿಗೆ ಊಟ, ವಸತಿ ಯಾರ ಲೆಕ್ಕದಲ್ಲಿತ್ತು ಎಂಬುದನ್ನೂ ಬರೆದಿದ್ದರೆ ಚೆನ್ನಾಗಿರುತ್ತಿತ್ತು. ನಾನು ವೇಗಾಸ್ ನೋಡಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಗೋವೆಯ ಮಾಂಡೋವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗುಗಳನ್ನು ನೋಡಿದ್ದೇನೆ, ನೋಡುವುದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ನೋಡಿದ್ದೇನೆ.

ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾಕ್ಕೆ ಹೋಗುವ ಅದಿರಿನಿಂದ ನಮ್ಮ ಕಡೆ ದುಡ್ಡು ಹೇಗೆ ಹರಿಯಿತು ಎಂಬುದನ್ನು ಬಳ್ಳಾರಿಯವರಿಗೆ ನಾನು ಹೇಳಬೇಕಿಲ್ಲ. ಹೊಲದ ಮಣ್ಣು ಮಾರಿದವನು ಸಂಜೆಗೆ ಹೊಸ ಗಾಡಿಯಲ್ಲಿ ಬರುತ್ತಿದ್ದ ಕಾಲ ಅದು. ನಾನು ಸಾಲ ಮಾಡಿ ಎರಡು ಲಾರಿ ಇಟ್ಟಿದ್ದೆ. ವಾರದ ಬಾಡಿಗೆ ಕೈಗೆ ಬಂದೊಡನೆ ಮೂವರು ಗೆಳೆಯರು ಬಳ್ಳಾರಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಗೋವೆಯ ದಾರಿ ಹಿಡಿಯುತ್ತಿದ್ದೆವು. ಹಡಗಿನೊಳಗೆ ಕಿಟಕಿಯಿಲ್ಲ, ಗೋಡೆ ಗಡಿಯಾರವಿಲ್ಲ, ಹೊತ್ತು ಮುಳುಗಿದ್ದು ತಿಳಿಯುವುದಿಲ್ಲ. ಐನೂರರ ನೋಟು ಕೊಡುವಾಗ ನಮ್ಮ ಕೈ ಒಂದು ಕ್ಷಣ ತಡೆಯುತ್ತದೆ. ಅದೇ ನೋಟು ಪ್ಲಾಸ್ಟಿಕ್ಕಿನ ಬಿಲ್ಲೆಯಾಗಿ ಬಂದ ಮೇಲೆ ಕೈ ತಡೆಯುವುದಿಲ್ಲ, ಇಡೀ ವ್ಯವಹಾರ ನಿಂತಿರುವುದು ಆ ಬಿಲ್ಲೆಯ ಮೇಲೆ. ಎರಡು ತಿಂಗಳ ಲಾರಿ ಕಂತು ಅಲ್ಲಿ ಹೋಯಿತು. ಆಮೇಲೆ 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳೂ ಹೋದವು. ಒಂದು ಬಿಲ್ಲೆ ತಪ್ಪಿ ಜೇಬಿನಲ್ಲಿ ಉಳಿದು ಮನೆಗೆ ಬಂದಿತ್ತು. ಅದು ಈಗಲೂ ನನ್ನ ಪಾನಾ ಪೆಟ್ಟಿಗೆಯಲ್ಲಿ ನಟ್ಟು ಬೋಲ್ಟುಗಳ ನಡುವೆ ಇದೆ, ಬಿಸಾಡಲು ಮನಸ್ಸು ಬಂದಿಲ್ಲ.

ಗೋವಾ ಸರ್ಕಾರ 2020ರ ಫೆಬ್ರುವರಿಯಿಂದ ತನ್ನ ಜನರೇ ಆ ಹಡಗುಗಳಿಗೆ ಹೋಗಬಾರದೆಂದು ನಿಯಮ ಮಾಡಿತು. ತನ್ನ ಮಕ್ಕಳಿಗೆ ಬೇಡವೆಂದ ತಿನಿಸನ್ನು ನೆರೆಯವರ ಮಕ್ಕಳಿಗೆ ಮಾರುವ ಅಂಗಡಿ ಎಂಥದ್ದೆಂದು ನೀವೇ ಯೋಚಿಸಿ. ‘ನಾನು ಬರೀ ನೋಡಲು ಹೋಗುತ್ತೇನೆ’ ಎಂದು ಮೊದಲ ಸಲ ನಾನೂ ಹೇಳಿದ್ದೆ. ತಾಯಿಯವರ ಮಾತೇ ಸರಿ ಹಿರಿಯರೇ, ಕಣಿವೆ ನೋಡಿ ಬನ್ನಿ.

ಗಣಿತ ಉಪನ್ಯಾಸಕಿ, ಕೊಪ್ಪಳ:

ನೀತಿಯ ಮಾತನ್ನು ಹಿರಿಯರಿಗೆ ಬಿಟ್ಟು ಲೆಕ್ಕವನ್ನಷ್ಟೇ ಹೇಳುತ್ತೇನೆ, ಏಕೆಂದರೆ ‘ಹತ್ತು ಡಾಲರ್ ಇಟ್ಟು ನೋಡಿ ಅಪ್ಪಾ’ ಎಂದು ಮಗ ಹೇಳದೆ ಇರುವುದಿಲ್ಲ. ರೂಲೆಟ್ ಎಂದರೆ ತಿರುಗುವ ಚಕ್ರದಲ್ಲಿ ಗೋಲಿ ಯಾವ ಮನೆಗೆ ಬಂದು ನಿಲ್ಲುತ್ತದೆಂದು ಪಣ ಕಟ್ಟುವ ಆಟ. ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆಗಳಿರುತ್ತವೆ: 1ರಿಂದ 36, ಒಂದು ಸೊನ್ನೆ, ಒಂದು ಜೋಡಿ ಸೊನ್ನೆ. ಪ್ರತಿ ಮನೆಯ ಮೇಲೂ ಒಂದೊಂದು ಡಾಲರ್ ಇಟ್ಟಿರೆಂದುಕೊಳ್ಳಿ. ಇಟ್ಟದ್ದು 38, ಗೋಲಿ ಎಲ್ಲಿಯೇ ನಿಂತರೂ ಕೈಗೆ ಮರಳುವುದು 36. ಹೋದ ಎರಡು ಡಾಲರ್ ಎಂದರೆ ನೂರಕ್ಕೆ 5.26. ಯುರೋಪಿನ ಚಕ್ರದಲ್ಲಿ ಒಂದೇ ಸೊನ್ನೆ ಇರುವುದರಿಂದ ಅದು 2.7ಕ್ಕೆ ಇಳಿಯುತ್ತದೆ. ಸ್ಟ್ರಿಪ್‌ನ ಕೆಲವು ಮೇಜುಗಳಲ್ಲಿ ಈಚೆಗೆ ಮೂರನೆಯ ಸೊನ್ನೆಯನ್ನೂ ಸೇರಿಸಿದ್ದಾರೆ, ಅಲ್ಲಿ ನೂರಕ್ಕೆ 7.69 ಹೋಗುತ್ತದೆ. ಚಕ್ರದ ಬಣ್ಣ, ಮೇಜಿನ ಹಸಿರು ಬಟ್ಟೆ ಎಲ್ಲವೂ ಮೊದಲಿನಂತೆಯೇ ಇರುವುದರಿಂದ ಬಂದವರಿಗೆ ವ್ಯತ್ಯಾಸ ಕಾಣುವುದಿಲ್ಲ. ಎಲೆಗಳ ಮೊತ್ತವನ್ನು 21 ದಾಟದಂತೆ ಅದರ ಹತ್ತಿರಕ್ಕೆ ತರುವ ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟು ಆಟದಲ್ಲೂ ಹಾಗೆಯೇ ಆಗಿದೆ. ಮೊದಲ ಎರಡೇ ಎಲೆಗಳಲ್ಲಿ 21 ಬಂದರೆ ಹತ್ತು ಡಾಲರಿಗೆ ಹದಿನೈದು ಕೊಡುತ್ತಿದ್ದ ಕಡೆ ಈಗ ಅನೇಕ ಮೇಜುಗಳಲ್ಲಿ ಹನ್ನೆರಡು ಕೊಡುತ್ತಾರೆ.

ಗುಂಡಿ ಒತ್ತುವ ಸ್ಲಾಟ್ ಯಂತ್ರಗಳು ದೀರ್ಘಾವಧಿಯಲ್ಲಿ ನೂರಕ್ಕೆ ಕನಿಷ್ಠ 75ನ್ನಾದರೂ ಮರಳಿಸಬೇಕೆಂದು ನೆವಾಡ ರಾಜ್ಯದ ನಿಯಮವಿದೆ. ಒಂದು ಯಂತ್ರ 92 ಮರಳಿಸುತ್ತದೆಂದೇ ಇಟ್ಟುಕೊಳ್ಳೋಣ. ನಿಮಿಷಕ್ಕೆ ಹತ್ತು ಸಲ, ಸಲಕ್ಕೆ ಅರ್ಧ ಡಾಲರಿನಂತೆ ಒತ್ತಿದರೆ ಗಂಟೆಗೆ ಪಣಕ್ಕಿಟ್ಟದ್ದು 300 ಡಾಲರ್, ಸರಾಸರಿ ಕಳೆದದ್ದು 24. ಇದರಲ್ಲಿ ಮೋಸವೇನೂ ಇಲ್ಲ. ಮೋಸದ ಅಗತ್ಯವೇ ಬಾರದಂತೆ ಲೆಕ್ಕವನ್ನು ಮೊದಲೇ ಕೂಡಿಸಿಟ್ಟಿದ್ದಾರೆ. ಜಾತ್ರೆಯಲ್ಲಿ ಬಳೆ ಎಸೆದು ಸೋಪಿನ ಡಬ್ಬಿ ಗೆಲ್ಲುವ ಆಟದಲ್ಲಿ ಬಳೆಯ ಅಗಲವನ್ನು ಡಬ್ಬಿಯ ಅಗಲಕ್ಕಿಂತ ಕೂದಲೆಳೆಯಷ್ಟೇ ಹೆಚ್ಚಾಗಿ ಮಾಡಿರುತ್ತಾರಲ್ಲ, ಇಲ್ಲಿ ಅಳತೆಯ ಬದಲು ಸೊನ್ನೆ ಇದೆ. ಮೇಲೆ ಅಂದರ್ ಬಾಹರ್ ಪ್ರಸ್ತಾಪ ಬಂದದ್ದರಿಂದ ಹೇಳುತ್ತೇನೆ: ಮೊದಲ ಎಲೆ ಯಾವ ಕಡೆಗೆ ಬೀಳುತ್ತದೆಯೋ ಆ ಕಡೆಗೆ ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 51.5. ನಮ್ಮ ಕಟ್ಟೆಯ ಆಟ ಅವರ ರೂಲೆಟ್‌ಗಿಂತ ಎಷ್ಟೋ ನ್ಯಾಯವಾದದ್ದು, ಜೀಪು ಬರುವ ಸಾಧ್ಯತೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ನಿವೃತ್ತ ಶಿಕ್ಷಕಿ, ಸಿಂಧನೂರು:

ನಾನು ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳ ಜೊತೆ ಎರಡು ರಾತ್ರಿ ಅಲ್ಲಿದ್ದು ಬಂದವಳು. ಇಂಜಿನಿಯರ್ ತಮ್ಮನವರ ಉತ್ಸಾಹವನ್ನೂ ಲಾರಿ ಅಣ್ಣನವರ ಸಿಟ್ಟನ್ನೂ ಓದಿದೆ. ಇಬ್ಬರೂ ಹೇಳದೆ ಬಿಟ್ಟ ಸಣ್ಣ ಸಂಗತಿಗಳನ್ನು ನಾನು ಹೇಳುತ್ತೇನೆ, ಮಂಡಿ ನೋವಿರುವವರಿಗೆ ಬೇಕಾಗುವುದು ಅವೇ.

ಮೊದಲನೆಯದು ಬಿಲ್ಲು. ನಾವು ರಾತ್ರಿಗೆ 90 ಡಾಲರ್ ಎಂದು ನೋಡಿ ಕೋಣೆ ಹಿಡಿದಿದ್ದೆವು. ಹೊರಡುವಾಗ ರೆಸಾರ್ಟ್ ಶುಲ್ಕವೆಂದು ರಾತ್ರಿಗೆ ಇನ್ನೂ 45, ಅದರ ಮೇಲೆ ನೂರಕ್ಕೆ ಹದಿಮೂರರಷ್ಟು ತೆರಿಗೆ, ಕಾರು ನಿಲ್ಲಿಸಿದ್ದಕ್ಕೆ ಪ್ರತ್ಯೇಕ ಹಣ ಕೇಳಿದರು. ನಾವು ಇಳಿಯದ ಈಜುಕೊಳ, ನೋಡದ ವ್ಯಾಯಾಮ ಶಾಲೆಯ ಬಾಬ್ತಿಗೆ ಆ 45 ಎಂದು ತಿಳಿಯಿತು. ಅಳಿಯ ಕೌಂಟರಿನಲ್ಲಿ ಅರ್ಧ ಗಂಟೆ ವಾದಿಸಿದರೂ ಒಂದು ಡಾಲರೂ ಇಳಿಯಲಿಲ್ಲ. 2025ರ ಮೇ ತಿಂಗಳಿಂದ ಇಂತಹ ಶುಲ್ಕವನ್ನು ಸೇರಿಸಿಯೇ ಬೆಲೆ ತೋರಿಸಬೇಕೆಂಬ ನಿಯಮ ಅಮೆರಿಕದಲ್ಲಿ ಬಂದಿದೆ. ಶುಲ್ಕ ಹೋಗಿಲ್ಲ, ಈಗ ಮೊದಲೇ ಕಣ್ಣಿಗೆ ಕಾಣುತ್ತದೆ, ಅಷ್ಟೇ.

ಎರಡನೆಯದು ನಡಿಗೆ. ಬೀದಿಯಲ್ಲಿ ಎದುರಿಗೆ ಕಾಣುವ ಕಟ್ಟಡ ಇಲ್ಲೇ ಇದೆ ಎನಿಸುತ್ತದೆ. ಹೊರಟರೆ ಮೇಲ್ಸೇತುವೆ ಹತ್ತಿ, ಇಳಿದು, ಇನ್ನೊಂದು ಹೋಟೆಲಿನ ಹೊಟ್ಟೆಯೊಳಗೆ ಹಾದು ಅರ್ಧ ತಾಸು ಹಿಡಿಯುತ್ತದೆ. ಬಿಸಿಲಿನ ಚಿಂತೆ ಇಲ್ಲವೆಂದು ಬರೆದಿದ್ದೀರಿ. 2024ರ ಜುಲೈ 7ರಂದು ಅಲ್ಲಿ 48.9 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು, ಅದು ಆ ಊರಿನ ದಾಖಲೆ. ರಾಯಚೂರು, ಬಳ್ಳಾರಿಯ ನಾವು ಅಂತಹ ಹೊತ್ತಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಮಲಗುತ್ತೇವೆ, ಟಾರು ರಸ್ತೆಯಲ್ಲಿ ಕಟ್ಟಡ ನೋಡುತ್ತಾ ತಿರುಗುವುದಿಲ್ಲ. ಅಲ್ಲಿಯ ಒಣ ಗಾಳಿಯಲ್ಲಿ ಬೆವರು ಕಾಣದೆಯೇ ಮೈ ಬಾಡುತ್ತದೆ. ಕಟ್ಟಡದ ಒಳಗೆ ಕಾಲಿಟ್ಟರೆ ಶಾಲು ಹೊದೆಯುವಷ್ಟು ಚಳಿ. ಈ ಬಿಸಿ ತಣ್ಣಗೆಯ ನಡುವೆ ನನ್ನ ಮೊಮ್ಮಗನಿಗೆ ಎರಡನೆಯ ದಿನವೇ ಜ್ವರ ಬಂತು.

ಮೂರನೆಯದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅಲ್ಲಿಯ ಬಹಳಷ್ಟು ಹೋಟೆಲು ಕೋಣೆಗಳಲ್ಲಿ ನೀರು ಕಾಯಿಸುವ ಕೆಟಲ್ ಇರುವುದಿಲ್ಲ. ಗುಂಡಿ ಒತ್ತಿದರೆ ಪರದೆ ತಾನಾಗಿ ಸರಿಯುವ ಕೋಣೆಯಲ್ಲಿ ಒಂದು ಲೋಟ ಬಿಸಿನೀರು ಸಿಗಲಿಲ್ಲ. ನಸುಕಿನ ಐದಕ್ಕೆ ಎಚ್ಚರವಾಗಿ, ಊರಿಂದ ಒಯ್ದಿದ್ದ ಚಹಾಪುಡಿ ಸೆರಗಿನಲ್ಲಿ ಕಟ್ಟಿಕೊಂಡು ನಾನೊಬ್ಬಳೇ ಕೆಳಗಿಳಿದೆ. ಲಿಫ್ಟಿನಿಂದ ಕಾಫಿ ಅಂಗಡಿಗೆ ಹೋಗಲು ಜೂಜಿನ ಅಂಗಣವನ್ನು ದಾಟಲೇಬೇಕು, ಬೇರೆ ದಾರಿಯನ್ನೇ ಇಟ್ಟಿಲ್ಲ. ಆ ಹೊತ್ತಿನಲ್ಲೂ ನನ್ನ ವಯಸ್ಸಿನ ಒಬ್ಬ ಹೆಂಗಸು ಚಪ್ಪಲಿ ಕಳಚಿ, ಕಾಲು ಮಡಚಿ ಕುರ್ಚಿಯ ಮೇಲಿಟ್ಟುಕೊಂಡು, ಸೊಪ್ಪು ಸೋಸುವವರ ಹಾಗೆ ಅವಸರವಿಲ್ಲದೆ ಗುಂಡಿ ಒತ್ತುತ್ತಿದ್ದಳು. ಮುಖದಲ್ಲಿ ಗೆದ್ದ ಸಂತೋಷವೂ ಇರಲಿಲ್ಲ, ಸೋತ ದುಃಖವೂ ಇರಲಿಲ್ಲ. ಕಾಫಿ ಅಂಗಡಿಯ ಹುಡುಗಿ ಬಿಸಿನೀರಿಗೆ ಹಣ ತೆಗೆದುಕೊಳ್ಳಲಿಲ್ಲ. ಇಡೀ ಪ್ರವಾಸದಲ್ಲಿ ಪುಕ್ಕಟೆಯಾಗಿ ನನ್ನ ಕೈಗೆ ಬಂದದ್ದು ಆ ಬಿಸಿನೀರೊಂದೇ.

ಇಷ್ಟಾದರೂ ಹೋಗಬೇಡಿ ಎನ್ನುವುದಿಲ್ಲ. ಕಾರಂಜಿಯನ್ನು ನಾನು ಮೂರು ಸಲ ನಿಂತು ನೋಡಿದ್ದೇನೆ. ಒಂದೇ ಸಂಜೆ ಸಾಕು, ಮೂರು ದಿನ ಬೇಡ.

ಜೀನ್ಸ್ ಹೊಲಿಗೆ ಘಟಕದವನು, ಕೌಲ್ ಬಜಾರ್, ಬಳ್ಳಾರಿ:

ಇಲ್ಲಿ ಬರೆಯುತ್ತಿರುವ ಹಿರಿಯರೆಲ್ಲ ಒಂದಲ್ಲ ಒಂದು ದೇಶ ಸುತ್ತಿ ಬಂದು, ಅಲ್ಲಿ ಏನೂ ಇಲ್ಲ ಎಂದು ನಮಗೆ ಹೇಳುತ್ತಿದ್ದೀರಿ. ನಾನು ಆ ಊರನ್ನು ಫೋನಿನಲ್ಲಿ ಮಾತ್ರ ನೋಡಿದ್ದೇನೆ. ವೀಸಾ ಅರ್ಜಿಗೇ 185 ಡಾಲರ್ ಎಂದರೆ ನನ್ನ ಹಾಗೆ ಒಂದೊಂದು ಪ್ಯಾಂಟಿನ ಲೆಕ್ಕದಲ್ಲಿ ಕೂಲಿ ಪಡೆಯುವವನು ಎಷ್ಟು ಹೊಲಿಯಬೇಕೆಂದು ಯೋಚಿಸಿ. ಟಿಕೆಟ್ ಮಗ ತೆಗೆಸುತ್ತಿದ್ದಾನೆ, ಸೊಸೆ ಕರೆಯುತ್ತಿದ್ದಾಳೆ ಎಂದ ಮೇಲೆ ನೋಡಿ ಬನ್ನಿ ಅಂಕಲ್. ಇಷ್ಟವಾಗದಿದ್ದರೂ ಅದನ್ನು ನೋಡಿಯೇ ಹೇಳಿದ ಹಾಗಾಗುತ್ತದೆ.

ನಿವೃತ್ತ ನೀರಾವರಿ ಇಂಜಿನಿಯರ್, ಮುನಿರಾಬಾದ್:

ಚರ್ಚೆ ಜೂಜಿನ ಮೇಜಿನ ಸುತ್ತಲೇ ತಿರುಗುತ್ತಿದೆ. ತುಂಗಭದ್ರೆಯ ದಂಡೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ನನ್ನ ಕಣ್ಣಿಗೆ ಆ ಊರಿನಲ್ಲಿ ನೋಡಬೇಕಾದದ್ದು ಊರಿನಿಂದ ಆಗ್ನೇಯಕ್ಕೆ ಐವತ್ತು ಐವತ್ತೈದು ಕಿಲೋಮೀಟರ್ ದೂರದಲ್ಲಿದೆ. ಅದು ಕೊಲೊರಾಡೊ ನದಿಗೆ ಕಟ್ಟಿದ ಹೂವರ್ ಅಣೆಕಟ್ಟು. ಅದನ್ನು ನೋಡದೆ ವೇಗಾಸ್ ಏಕೆ ಹೀಗಿದೆ ಎಂಬುದು ಅರ್ಥವಾಗುವುದಿಲ್ಲ.

ಲಾಸ್ ವೇಗಾಸ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಹುಲ್ಲುಗಾವಲುಗಳು. ಮರುಭೂಮಿಯ ನಡುವೆ ನೀರಿನ ಒರತೆಗಳಿದ್ದ ಜಾಗ ಅದು. ಉಗಿಬಂಡಿಗೆ ನೀರು ಬೇಕಿದ್ದ ರೈಲು ಕಂಪನಿ 1905ರ ಮೇ ತಿಂಗಳಲ್ಲಿ ಅಲ್ಲಿ ನಿವೇಶನ ಹರಾಜು ಹಾಕಿದ್ದರಿಂದ ಊರು ಹುಟ್ಟಿತು. ಅದು ಬೆಳೆದದ್ದು 1931ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ನೆವಾಡ ರಾಜ್ಯ ಜೂಜಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು, ಅದೇ ವರ್ಷ ಅಣೆಕಟ್ಟಿನ ಕೆಲಸವೂ ಆರಂಭವಾಯಿತು. ದೇಶವೆಲ್ಲ ಕೆಲಸವಿಲ್ಲದೆ ಕೂತಿದ್ದ ಆ ಕಾಲದಲ್ಲಿ ಸಾವಿರಾರು ಕೂಲಿಗಳು ಆ ಬಂಡೆಗಾಡಿಗೆ ಬಂದರು. ಅವರು ಕೆಡಬಾರದೆಂದು ಸರ್ಕಾರ ಬೌಲ್ಡರ್ ಸಿಟಿ ಎಂಬ ಕ್ಯಾಂಪ್ ಊರನ್ನು ಕಟ್ಟಿ, ಅಲ್ಲಿ ಹೆಂಡವನ್ನೂ ಜೂಜನ್ನೂ ನಿಷೇಧಿಸಿತು. ಪರಿಣಾಮವನ್ನು ನೀವೇ ಊಹಿಸಬಹುದು: ಬಟವಾಡೆಯ ದಿನ ಕೂಲಿಗಳು ಗಾಡಿ ಹತ್ತಿ ಲಾಸ್ ವೇಗಾಸ್‌ಗೆ ಹೋಗುತ್ತಿದ್ದರು. ಶಿಸ್ತಿನ ಊರೊಂದನ್ನು ಕಟ್ಟಿದ್ದು ಪಕ್ಕದ ಮೋಜಿನ ಊರಿಗೆ ಲಾಭವಾಯಿತು. ಬೌಲ್ಡರ್ ಸಿಟಿಯಲ್ಲಿ ಇಂದಿಗೂ ಜೂಜಿಗೆ ಅವಕಾಶವಿಲ್ಲ. ನಾನು ಅಲ್ಲಿ ಒಂದು ಮರದ ನೆರಳಲ್ಲಿ ಕೂತು ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ನಮ್ಮ ಹಳೆಯ ಡ್ಯಾಮ್ ಕ್ಯಾಂಪುಗಳ ಗಾಳಿ ಅಲ್ಲಿಯೂ ಬೀಸುತ್ತದೆ ಎನಿಸಿತು.

ಇನ್ನು ಅಣೆಕಟ್ಟು. ಎತ್ತರ 221 ಮೀಟರ್, ನಮ್ಮ ತುಂಗಭದ್ರಾ ಅಣೆಕಟ್ಟಿನದು ಐವತ್ತು ಮೀಟರಿಗೆ ಸ್ವಲ್ಪ ಕಡಿಮೆ. ನಮ್ಮದು ಕಲ್ಲು, ಸುರ್ಕಿ ಗಾರೆಯ ಕಟ್ಟಡ, ಅವರದು ಪೂರ್ತಿ ಕಾಂಕ್ರೀಟು. ಅಷ್ಟು ಕಾಂಕ್ರೀಟು ತಾನಾಗಿ ಆರಲು ಬಿಟ್ಟರೆ ನೂರು ವರ್ಷ ಹಿಡಿಯುತ್ತದೆಂದು ಅದರೊಳಗೆ ಕೊಳವೆ ಹುದುಗಿಸಿ ತಣ್ಣೀರು ಹರಿಸಿ ಆರಿಸಿದರು. ನಮ್ಮದಕ್ಕೆ ಎದೆಯ ಮೇಲೆ 33 ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ ಅವುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ನಿವೃತ್ತನಾಗಿದ್ದರೂ ನನಗೆ ನಿದ್ದೆ ಬರಲಿಲ್ಲ. ಹೂವರ್‌ಗೆ ಎದೆಯ ಮೇಲೆ ಗೇಟಿಲ್ಲ. ಎರಡೂ ಬದಿಯ ಬೆಟ್ಟದೊಳಗೆ ಸುರಂಗ ಕೊರೆದು ಕೋಡಿ ಮಾಡಿದ್ದಾರೆ, ಅದು ಹರಿದದ್ದು 1941 ಮತ್ತು 1983ರಲ್ಲಿ ಮಾತ್ರ. ಆ ಅಣೆಕಟ್ಟು ಕಟ್ಟುವ ಕೆಲಸದಲ್ಲಿ ಸತ್ತವರ ಸರ್ಕಾರಿ ಲೆಕ್ಕ 96.

ಕಾರಂಜಿಯಲ್ಲಿ ನೀರು ಪೋಲಾಗುತ್ತದೆ ಎಂದು ಯಾರಾದರೂ ಬರೆಯುವ ಮೊದಲೇ ಒಂದು ಮಾತು. ಕೊಲೊರಾಡೊ ನದಿಯಲ್ಲಿ ನೆವಾಡ ರಾಜ್ಯದ ಪಾಲು ವರ್ಷಕ್ಕೆ 3 ಲಕ್ಷ ಎಕರೆ ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 13 ಟಿಎಂಸಿ. ತುಂಗಭದ್ರಾ ಜಲಾಶಯ 133 ಟಿಎಂಸಿಯಿಂದ ಹೂಳು ತುಂಬಿ 105.788ಕ್ಕೆ ಇಳಿದಿದೆ. ಅಂದರೆ ನಮ್ಮ ಹೂಳು ನುಂಗಿದ ಜಾಗ ಅವರ ವರ್ಷದ ಪಾಲಿನ ಎರಡು ಪಟ್ಟು! ಅಷ್ಟರಲ್ಲೇ ಅವರು ಬದುಕುತ್ತಿರುವುದು ಹೇಗೆಂದರೆ, ಮನೆ, ಹೋಟೆಲುಗಳ ಒಳಗೆ ಬಳಸಿದ ನೀರನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಶುದ್ಧಮಾಡಿ ಹೂವರ್ ಅಣೆಕಟ್ಟಿನ ಜಲಾಶಯಕ್ಕೇ ಮರಳಿಸುತ್ತಾರೆ. ಬೆಲಾಜಿಯೊ ಕಾರಂಜಿಯ ನೀರು ಬಾವಿಯದು. ಅವರಿಗೆ ನಿಜವಾದ ಖರ್ಚು ಹೊರಗಿನ ಹುಲ್ಲುಹಾಸು. ಬರೀ ಅಂದಕ್ಕಾಗಿ ಬೆಳೆಸಿದ ಹುಲ್ಲನ್ನು 2026ರ ಕೊನೆಯೊಳಗೆ ಕೀಳಬೇಕೆಂದು 2021ರಲ್ಲಿ ಕಾನೂನು ಮಾಡಿದ್ದಾರೆ. ಆದರೂ 2022ರ ಜುಲೈನಲ್ಲಿ ಆ ಜಲಾಶಯ ಕಾಲುಭಾಗದ ಆಸುಪಾಸಿಗೆ ಇಳಿದಿತ್ತು. ಬಂಡೆಗಳ ಮೇಲೆ ಹಳೆಯ ನೀರಿನ ಮಟ್ಟ ಸುಣ್ಣ ಬಳಿದಂತೆ ಬಿಳಿಯ ಪಟ್ಟಿಯಾಗಿ ನಿಂತಿದೆ. ಕ್ಯಾಸಿನೊಗಳ ದೀಪಕ್ಕಿಂತ ಆ ಬಿಳಿ ಪಟ್ಟಿಯನ್ನು ನಾನು ಹೆಚ್ಚು ಹೊತ್ತು ನೋಡಿದೆ.

ವಿದ್ಯುತ್ ಸ್ಥಾವರದ ನೌಕರ, ಶಕ್ತಿನಗರ, ರಾಯಚೂರು:

ಮುನಿರಾಬಾದಿನ ಹಿರಿಯರ ಮಾತಿಗೆ ಒಂದು ಸಣ್ಣ ಸೇರ್ಪಡೆ. ವೇಗಾಸ್‌ನ ದೀಪಗಳೆಲ್ಲ ಹೂವರ್ ಅಣೆಕಟ್ಟಿನ ವಿದ್ಯುತ್ತಿನಿಂದ ಉರಿಯುತ್ತವೆ ಎಂದು ಬಹಳ ಜನ ನಂಬಿದ್ದಾರೆ. ಅದರ ಸಾಮರ್ಥ್ಯ ಸುಮಾರು 2,080 ಮೆಗಾವ್ಯಾಟ್. ನಮ್ಮ ಸ್ಥಾವರದ ಎಂಟೂ ಘಟಕ ಸೇರಿ 1,720. ಹೂವರ್‌ನ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಕ್ಯಾಲಿಫೋರ್ನಿಯಾಕ್ಕೆ, ನೆವಾಡದ ಪಾಲು ಕಾಲುಭಾಗಕ್ಕೂ ಕಡಿಮೆ. ಆ ಊರಿನ ದೀಪಗಳಿಗೆ ಈಗ ಹೆಚ್ಚಾಗಿ ನೈಸರ್ಗಿಕ ಅನಿಲ ಮತ್ತು ಬಿಸಿಲೇ ಆಧಾರ. ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಸಿ ಬೆಂಗಳೂರಿನ ದೀಪ ನೋಡುವ ನಮಗೆ ಈ ಲೆಕ್ಕ ಹೊಸದೇನಲ್ಲ. ಜಗಮಗಿಸುವ ಬೀದಿ ಒಂದು ಕಡೆ, ಉರಿಯುವ ಒಲೆ ಇನ್ನೊಂದು ಕಡೆ.

ಗಣಿ ಯಂತ್ರಗಳ ಇಂಜಿನಿಯರ್, ತೋರಣಗಲ್ಲು:

ಸಂಡೂರಿನ ಅಣ್ಣನವರಿಗೆ: ನನ್ನ ಊಟ, ವಸತಿ ಕಂಪನಿಯ ಲೆಕ್ಕದಲ್ಲಿತ್ತು, ಒಪ್ಪಿದೆ. ರೆಸಾರ್ಟ್ ಶುಲ್ಕ ಎಂಬುದೊಂದಿದೆ ಎಂದು ನನಗೆ ತಿಳಿದದ್ದೇ ಇಲ್ಲಿ ಶಿಕ್ಷಕಿಯವರ ಬರಹ ಓದಿದಾಗ. ಆದರೆ ತಾವು ಕಳೆದುಕೊಂಡದ್ದಕ್ಕೆ ಊರನ್ನೇ ದೂಷಿಸುವುದು ಸರಿಯೇ? ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಇಷ್ಟು ಹಣ ಹೋಗಲಿ ಎಂದು ಎತ್ತಿಟ್ಟುಕೊಂಡೇ ಬಂದು, ಅದು ತೀರಿದೊಡನೆ ಎದ್ದು ಹೋಗುತ್ತಾರೆ.

ಹಿಂದೆ ಅದಿರು ಲಾರಿ ಇಟ್ಟಿದ್ದವನು, ಸಂಡೂರು:

ಎದ್ದು ಹೋಗುವವರ ಬಗ್ಗೆ ನನಗೆ ಚಿಂತೆಯಿಲ್ಲ ತಮ್ಮಾ. ಶಿಕ್ಷಕಿಯವರು ನಸುಕಿನ ಐದಕ್ಕೆ ನೋಡಿದ ಆ ಹೆಂಗಸು ಎದ್ದು ಹೋಗಿರಲಿಲ್ಲವಲ್ಲ, ನಾನು ಮಾತಾಡುತ್ತಿರುವುದು ಆಕೆಯ ಬಗ್ಗೆ. ಊರನ್ನು ದೂಷಿಸಬೇಡಿ ಎಂದಿರಿ, ಸರಿ. ಕಾರಂಜಿ ಪುಕ್ಕಟೆಯಾಗಿ ತೋರಿಸುವ ಹಣ ಯಾರ ಜೇಬಿನದು ಎಂಬುದನ್ನಾದರೂ ನೋಡುವವರು ತಿಳಿದಿರಲಿ.

ನಿವೃತ್ತ ಬ್ಯಾಂಕ್ ನೌಕರ, ಬಳ್ಳಾರಿ:

ಎಲ್ಲರ ಬರಹಗಳನ್ನೂ ಶ್ರೀಮತಿಯವರಿಗೆ ಓದಿ ಹೇಳಿದೆ. ಬಿಸಿನೀರಿನ ಪ್ರಸಂಗ ಬಂದಾಗ ಅವರು ಎದ್ದು ಹೋಗಿ ಪ್ರಯಾಣದ ಪೆಟ್ಟಿಗೆಯಲ್ಲಿ ಸಣ್ಣ ಕೆಟಲ್ ಇಟ್ಟು ಬಂದರು. ಇದನ್ನು ನಾನು ಅರ್ಧ ಒಪ್ಪಿಗೆ ಎಂದು ತಿಳಿದಿದ್ದೇನೆ. ಸಂಡೂರಿನವರ ಬಿಲ್ಲೆಯ ಮಾತು ಕೇಳಿ ಬಹಳ ಹೊತ್ತು ಸುಮ್ಮನಿದ್ದರು, ಅವರ ತಮ್ಮನೂ ಆ ಕಾಲದಲ್ಲಿ ಲಾರಿ ಇಟ್ಟಿದ್ದವನೇ. ಕೊನೆಗೆ ಅವರು ಹೇಳಿದ್ದು ಇಷ್ಟು: ಒಂದೇ ರಾತ್ರಿ, ಕಾರಂಜಿ ನೋಡುತ್ತೇನೆ, ಜೂಜಿನ ಅಂಗಣಕ್ಕೆ ಕಾಲಿಡುವುದಿಲ್ಲ, ಬೆಳಗ್ಗೆ ಅಣೆಕಟ್ಟು, ಉಳಿದ ದಿನಗಳೆಲ್ಲ ಕಣಿವೆಗೆ. ಅಂಗಣ ದಾಟದೆ ಲಿಫ್ಟಿಗೆ ಹೋಗಲಾಗದು ಎಂದು ಶಿಕ್ಷಕಿಯವರು ಬರೆದಿದ್ದಾರೆ. ಇದಕ್ಕೇನಾದರೂ ಉಪಾಯವಿದೆಯೇ? ಅಣೆಕಟ್ಟಿನಲ್ಲಿ ಮೆಟ್ಟಿಲು ಹತ್ತುವ ಕಷ್ಟವಿದೆಯೇ?

ನಿವೃತ್ತ ಶಿಕ್ಷಕಿ, ಸಿಂಧನೂರು:

ಉಪಾಯವಿದೆ ಹಿರಿಯರೇ. ಸ್ಟ್ರಿಪ್‌ನಲ್ಲಿಯೇ ಜೂಜಿನ ಅಂಗಣ ಇಲ್ಲದ, ಸಿಗರೇಟಿಗೂ ಅವಕಾಶ ಕೊಡದ ಕೆಲವು ಹೋಟೆಲುಗಳಿವೆ. ಕೆಲವುಗಳ ಕೋಣೆಯಲ್ಲಿ ಒಲೆಯೂ ಇರುತ್ತದೆ, ಅನ್ನ ಸಾರು ಮಾಡಿಕೊಳ್ಳಬಹುದು. ಮಗನಿಗೆ ಅಂತಹದನ್ನೇ ಹುಡುಕಲು ಹೇಳಿ. ಕಣಿವೆಯ ವಿಷಯದಲ್ಲಿ ಒಂದು ಎಚ್ಚರಿಕೆ. ವೇಗಾಸ್‌ನಿಂದ ಎರಡೂವರೆ ತಾಸಿನಲ್ಲಿ ತೋರಿಸಿ ತರುವುದು ಪಶ್ಚಿಮದ ಅಂಚು. ಗಾಜಿನ ಸೇತುವೆ ಇರುವ ಆ ಜಾಗ ಹುವಾಲಪೈ ಮೂಲನಿವಾಸಿಗಳದು, ರಾಷ್ಟ್ರೀಯ ಉದ್ಯಾನದ ಭಾಗವಲ್ಲ. ತಾಯಿಯವರು ಚಿತ್ರಗಳಲ್ಲಿ ನೋಡಿರುವುದು ಬಹುಶಃ ದಕ್ಷಿಣದ ಅಂಚು. ಅದು ವೇಗಾಸ್‌ನಿಂದ 450 ಕಿಲೋಮೀಟರ್, ಕಾರಿನಲ್ಲಿ ನಾಲ್ಕೂವರೆ ತಾಸು. ಎರಡು ಸಾವಿರ ಮೀಟರಿಗೂ ಎತ್ತರದಲ್ಲಿರುವುದರಿಂದ ಜುಲೈನಲ್ಲೂ ಅಲ್ಲಿ ಹಿತವಾಗಿರುತ್ತದೆ. ಮಗನಿಗೆ ರಜೆ ಕಡಿಮೆಯಾದರೆ ವೇಗಾಸ್‌ನ ರಾತ್ರಿಯನ್ನು ಬಿಡಿ, ದಕ್ಷಿಣದ ಅಂಚನ್ನು ಬಿಡಬೇಡಿ.

ನಿವೃತ್ತ ನೀರಾವರಿ ಇಂಜಿನಿಯರ್, ಮುನಿರಾಬಾದ್:

ಅಣೆಕಟ್ಟಿನ ಒಳಗೆ ಲಿಫ್ಟಿನಲ್ಲಿ ಇಳಿಸುತ್ತಾರೆ, ಮಂಡಿ ನೋವಿನವರಿಗೆ ದೊಡ್ಡ ತೊಂದರೆಯಿಲ್ಲ. ನೀವು ದಕ್ಷಿಣದ ಅಂಚಿಗೆ ಹೋಗುವ ದಾರಿ ಅದರ ಪಕ್ಕದಲ್ಲೇ ಹಾಯುತ್ತದೆ, ಆದ್ದರಿಂದ ಬೆಳಗ್ಗೆ ಬಿಸಿಲೇರುವ ಮೊದಲೇ ತಲುಪಿಬಿಡಿ. ಮೇಲೆ ನಿಂತು ಜಲಾಶಯದ ಕಡೆ ನೋಡಿದರೆ ನೀರಿನೊಳಗಿಂದ ಎದ್ದ ಗೋಪುರಗಳು ಕಾಣುತ್ತವೆ. ಅಣೆಕಟ್ಟಿನ ನಡುವೆ ರಾಜ್ಯದ ಗಡಿ ಹಾದುಹೋಗುವುದರಿಂದ ಒಂದು ಗೋಪುರದಲ್ಲಿ ನೆವಾಡದ ಗಡಿಯಾರ, ಇನ್ನೊಂದರಲ್ಲಿ ಅರಿಜೋನದ ಗಡಿಯಾರ ಇಟ್ಟಿದ್ದಾರೆ. ಚಳಿಗಾಲದಲ್ಲಿ ಎರಡರ ನಡುವೆ ಒಂದು ಗಂಟೆಯ ವ್ಯತ್ಯಾಸವಿರುತ್ತದೆ. ಅರಿಜೋನದವರು ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವುದಿಲ್ಲವಾದ್ದರಿಂದ, ನೀವು ಹೋಗುವ ಜುಲೈನಲ್ಲಿ ಎರಡೂ ಒಂದೇ ಸಮಯ ತೋರಿಸುತ್ತಿರುತ್ತವೆ. ಶ್ರೀಮತಿಯವರನ್ನು ನಡುವೆ ನಿಲ್ಲಿಸಿ ಒಂದು ಫೋಟೊ ತೆಗೆದು ಇಲ್ಲಿ ಹಾಕಿ. ಹಿಂದಿನ ಬಂಡೆಯ ಮೇಲಿನ ಬಿಳಿ ಪಟ್ಟಿಯೂ ಅದರಲ್ಲಿ ಬರಲಿ, ನೀರು ಈ ವರ್ಷ ಎಲ್ಲಿಗೆ ನಿಂತಿದೆ ಎಂದು ನಾನು ನೋಡಬೇಕಾಗಿದೆ.